ಬೆಳೆಯದ ಮಗಳ ತಾಯಿ ಶಾರವ್ವ

ಇಳಕಲ್ಲಿನ ನೇಕಾರ ಮಲಕಪ್ಪನ ಹಿರಿಮಗಳು ಮಾದೇವಿಯ ಅಂಗಿಗಳು ಸವೆದು ಹರಿಯುತ್ತಿದ್ದವೇ ಹೊರತು ಎಂದೂ ಗಿಡ್ಡವಾಗುತ್ತಿರಲಿಲ್ಲ. ಹತ್ತು ತುಂಬಿದರೂ ನಾಲ್ಕರ ಕೂಸಿನಂತಿದ್ದಳು. ಬೆನ್ನಿಗೆ ಹುಟ್ಟಿದ ರಾಮವ್ವ ಅಕ್ಕನನ್ನೇ ಸೊಂಟದ ಮೇಲೆ ಕೂರಿಸಿಕೊಂಡು ಓಣಿ ಸುತ್ತುತ್ತಿದ್ದಳು. ತಾಯಿ ಶಾರವ್ವ ದೃಷ್ಟಿ ತೆಗೆಸಿದಳು, ಬನಶಂಕರಿಗೆ ಹರಕೆ ಹೊತ್ತಳು. ಕೊನೆಗೆ ೧೯೭೭ರಲ್ಲಿ ಗಂಡನನ್ನು ಹೊರಡಿಸಿಕೊಂಡು ಬಾಗಲಕೋಟೆಯ ಮಕ್ಕಳ ಡಾಕ್ಟರರ ಹತ್ತಿರ ಹೋದಳು.

ಡಾಕ್ಟರರು ಮಾದೇವಿಯ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ನೋಡಿದರು. "ಎಲುಬು ಇನ್ನೂ ಸಣ್ಣ ಕೂಸಿನ್ವು ಇದ್ದಂಗದಾವ. ಮೈ ಬೆಳಸೋ ರಸ ತಲಿಯೊಳಗಿನ ಒಂದು ಗ್ರಂಥಿಯಿಂದ ಬರ್ತೈತಿ. ಅದು ಎಷ್ಟು ಬರಾಕತ್ತೈತಿ ಅಂತ ಅಳೆಯೋದು ಇಲ್ಲಿ ಆಗಂಗಿಲ್ಲ. ಮುಂಬಯಿಗೆ ಕರ್ಕೊಂಡು ಹೋಗ್ರಿ" ಎಂದರು.

ಮುಂಬಯಿಯ ದೊಡ್ಡ ದವಾಖಾನೆಯಲ್ಲಿ ಬಾದಾಮಿ ಕಡೆಯ ಜೋಹರಾ ಎಂಬ ನರ್ಸ್ ಸಿಕ್ಕಳು. ಅವಳ ಬಾಯಲ್ಲಿ ತಮ್ಮ ಕಡೆಯ ಕನ್ನಡ ಕೇಳಿಯೇ ಶಾರವ್ವನಿಗೆ ಜೀವ ಬಂದಂತಾಯಿತು.

"ಸೂಜಿಮದ್ದು ಹಾಕಿ ರಕ್ತದಾಗಿನ ಸಕ್ಕರಿ ಇಳಸ್ತಾರ ಅಕ್ಕಾ. ಸಕ್ಕರಿ ಇಳಿದಾಗ ಆ ರಸ ಏರಬೇಕು. ಏರತೈತೋ ಇಲ್ಲೋ ಅಂತ ನಡನಡುವ ರಕ್ತ ತಗೊಂಡು ನೋಡ್ತಾರ. ಮುಗಿಯೋತನಕ ಏನೂ ತಿನ್ಸಬ್ಯಾಡ್ರಿ."

ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಮಾದೇವಿಯ ಹಣೆಯಲ್ಲಿ ಬೆವರು ಮೂಡಿತು. ಕೈ ನಡುಗತೊಡಗಿತು. "ಯವ್ವಾ, ಹಸಿವಿ. ಕಣ್ಣು ಕತ್ತಲಿಡಾಕತ್ತಾವ" ಎನ್ನುವಾಗ ನಾಲಿಗೆ ತೊದಲಿತು. ಶಾರವ್ವನಿಗೆ ತಡೆಯಲಾಗಲಿಲ್ಲ. ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ಚೂರನ್ನು ಮಗಳ ಬಾಯಿಗೆ ಇಟ್ಟುಬಿಟ್ಟಳು.

ರಕ್ತ ತೆಗೆಯಲು ಬಂದ ಅಲ್ಲಿನ ಡಾಕ್ಟರರು ಸಿರಿಂಜು ಕೆಳಗಿಟ್ಟು ಹೊರಗೆ ಹೋದರು. "ಇನ್ನ ಮೊದಲಿಂದ ಮಾಡಬೇಕ್ರಿ ಅಕ್ಕಾ" ಎಂದಳು ಜೋಹರಾ.

ಮುಂದಿನ ವಾರ ಶಾರವ್ವನನ್ನು ಬಾಗಿಲಾಚೆ ಕೂರಿಸಿದರು. ಒಳಗಿನಿಂದ ಮಗಳು ಕೂಗುವುದು ಕೇಳುತ್ತಿತ್ತು. ಆಮೇಲೆ ಕೂಗು ನಿಂತಿತು. ಕೂಗಿದ್ದಕ್ಕಿಂತ ಅದು ನಿಂತದ್ದಕ್ಕೇ ಶಾರವ್ವನ ಎದೆ ಒಡೆಯಿತು. ಮಾದೇವಿ ಜೋಹರಾಳ ಹೆಗಲ ಮೇಲೆ ಹೊರಬಂದಾಗ ಮೊಣಕೈ ಒಳಭಾಗವೆಲ್ಲ ನೀಲಿಗಟ್ಟಿತ್ತು. ತಾಯಿ ಕೈಚಾಚಿದರೆ ಅವಳು ಮುಖ ತಿರುಗಿಸಿಕೊಂಡಳು.

ಪರೀಕ್ಷೆಯ ಉತ್ತರ ಮುಂಬಯಿಯಿಂದ ಬರಲು ತಿಂಗಳುಗಳೇ ಹಿಡಿದವು. ಬಾಗಲಕೋಟೆಯ ಡಾಕ್ಟರರೇ ಹೇಳಿದರು: "ಸಕ್ಕರಿ ಇಳಿದ್ರೂ ರಸ ಏರಿಲ್ಲ. ಆಕಿ ಮೈಯಾಗ ಅದು ಇಲ್ಲವೇ ಇಲ್ಲ ಅನ್ನಬೇಕು."

"ಔಷಧ ಇಲ್ಲೇನ್ರಿ?"

"ಐತಿ. ಸತ್ತವರ ತಲಿಯೊಳಗಿನ ಗ್ರಂಥಿಯಿಂದ ತಗೀತಾರ. ಹೊರದೇಶದಾಗ ಅವರ ಮಕ್ಕಳಿಗೇ ಸಾಲಂಗಿಲ್ಲ. ಇಲ್ಲಿಗೆ ಬಂದ್ರ ಹೇಳಿ ಕಳಸ್ತೇನಿ."

ಮಲಕಪ್ಪ ಮುಖ ಕಿವುಚಿಕೊಂಡು ಎದ್ದುಹೋದ. ಶಾರವ್ವ ಕೂತಲ್ಲಿಂದ ಅಲುಗಲಿಲ್ಲ. "ಯಾರ ತಲಿಯಾಗಿಂದರ ಬರ್ಲಿರಿ. ನಮಗ ಬೇಕು" ಎಂದಳು.

ಔಷಧ ಬರಲೇ ಇಲ್ಲ. ೧೯೮೬ರಲ್ಲಿ ರಾಮವ್ವನ ಮದುವೆಯಾಯಿತು. ಬೀಗರ ಪೈಕಿಯ ಹೆಂಗಸೊಬ್ಬಳು ಮಾದೇವಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, "ಯಾರ ಕೂಸವಾ ಇದು?" ಎಂದು ಬಾಯಿಗೆ ಬುಂದಿ ಉಂಡೆ ಮುರಿದಿಟ್ಟಳು. ಹತ್ತೊಂಬತ್ತರ ಮಾದೇವಿ ಅದನ್ನು ನುಂಗಿ, ತೊಡೆಯಿಂದ ಇಳಿದು ಒಳಗೆ ಹೋದಳು.

ಆ ವಾರವೇ ಶಾರವ್ವ ಒಬ್ಬಳೇ ಬಾಗಲಕೋಟೆಯ ಬಸ್ಸು ಹತ್ತಿದಳು. ಮುದುಕರಾಗಿದ್ದ ಡಾಕ್ಟರರು ತಲೆ ಅಲ್ಲಾಡಿಸಿದರು. "ಆ ಔಷಧ ನಿಲ್ಲಿಸ್ಯಾರವ್ವಾ. ಅದನ್ನ ತಗೊಂಡ ಕೆಲವು ಹುಡುಗರು ದೊಡ್ಡವರಾದ ಮ್ಯಾಲೆ ಮೆದುಳಿನ ರೋಗ ಬಂದು ಸತ್ರಂತ. ಬ್ಯಾರೆ ಏನೋ ಹೊಸದು ಮಾಡಾಕತ್ತಾರ. ಅದು ನಮ್ಮ ಕಡಿ ಎಂದು ಬರತೈತೋ ಗೊತ್ತಿಲ್ಲ. ನಿಮಗ ಸಿಗದಿದ್ದದ್ದ ಚಲೋ ಆತು."

ಮನೆ ಮುಟ್ಟುವವರೆಗೂ ಶಾರವ್ವನಿಗೆ ಅಳಬೇಕೋ ದೇವರಿಗೆ ಕೈಮುಗಿಯಬೇಕೋ ತಿಳಿಯಲಿಲ್ಲ. ಮಾದೇವಿ ರಾಟೆಯ ಮುಂದೆ ಕೂತು ಮಗ್ಗದ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಶಾರವ್ವ ಎಲ್ಲವನ್ನೂ ಹೇಳಿ, "ಬದುಕಿದ್ವಿ ಮಗಳ" ಎಂದಳು.

ಮಾದೇವಿ ರಾಟೆ ನಿಲ್ಲಿಸಿದಳು.

"ಅವರು ದೊಡ್ಡವರಾದ ಮ್ಯಾಲೆ ಸತ್ರಲ್ಲ, ಯವ್ವಾ?"

"ಹೂಂ."

"ಹಂಗಾದ್ರ ನನಗ ಸಿಗಬೇಕಾಗಿತ್ತು."

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಲಕಪ್ಪ ಕಂಡಿಕೆ ಬೇಕೆಂದು ಕೂಗಿದ. ಮಾದೇವಿ ಎದ್ದು ಕೊಟ್ಟುಬಂದಳು.