ಪರದೆಯ ಹಿಂದಿನಿಂದ ಒಂದು ಪ್ರಶ್ನೆ

ಕಾರವಾರದಿಂದ ಅಂಕೋಲೆಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ನಾನು ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟೆ.

"ನಮ್ಮ ಕಾರವಾರದಲ್ಲಿ ಮೌಲ್ವಿಸಾಹೇಬರು ಉಪದೇಶಕ್ಕೆ ಕೂತರೆ ಜನ ಸುಮ್ಮನಿರೂದಿಲ್ಲ. ಅವರು ಒಂದು ಮಾತು ಹೇಳಿದ್ರೆ ಇವರು ನಾಲ್ಕು ಸಲ ಸುಭಾನಲ್ಲಾ ಅಂತ ದೇವರನ್ನು ಹೊಗಳ್ತಾರೆ. ಇಲ್ಲಿಯವರು ಅಕ್ಕಿ ಮೂಟೆ ಇಟ್ಟ ಹಾಗೆ ಕೂತಿರ್ತಾರೆ."

ಒಣಮೀನು ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಅರ್ಥ ಆದ್ರೆ ಅಲ್ಲವೇನೇ ಅನ್ನೂದು?"

ಅವರು ಹೇಳಿದ್ದು ಸರಿಯೇ. ಮನೆಯಲ್ಲಿ ನಮ್ಮದು ಕೊಂಕಣಿ, ಪೇಟೆಯಲ್ಲಿ ಕನ್ನಡ. ದೂರದಿಂದ ಬರುವ ಮೌಲ್ವಿಗಳದ್ದು ಮಾತ್ರ ಭಾರದ ಉರ್ದು. ಆದರೆ ನನ್ನ ಮಾತು ಯಜಮಾನರಿಗೆ ಚುಚ್ಚಿತು. ಅವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮುಂಬಯಿಯಲ್ಲಿ ನಾಲ್ಕು ವರ್ಷ ದುಡಿದು ಬಂದದ್ದರಿಂದ ಊರಿನ ಗಂಡಸರಲ್ಲಿ ಉರ್ದು ಬಲ್ಲವರು ಅವರೊಬ್ಬರೇ. ಆ ಬೇಸಿಗೆಯಲ್ಲಿ ದೊಡ್ಡ ಮೌಲ್ವಿಯೊಬ್ಬರು ಕಾರವಾರ ಮುಗಿಸಿ ಅಂಕೋಲೆಗೆ ಬರುತ್ತಾರೆಂದು ಗೊತ್ತಾದದ್ದೇ, ಶುಕ್ರವಾರದ ನಮಾಜು ಮುಗಿದ ಮೇಲೆ ಗಂಡಸರನ್ನೆಲ್ಲ ನಿಲ್ಲಿಸಿಕೊಂಡು ಪಾಠ ಮಾಡಿದರು.

"ನಾನು ಮುಂದೆ ಕೂತಿರ್ತೇನೆ. ಟೊಪ್ಪಿ ಮುಟ್ಟಿದರೆ ಸುಭಾನಲ್ಲಾ ಅನ್ನಿ. ಕರವಸ್ತ್ರ ತೆಗೆದರೆ ಅಳಿ."

"ಜೋರಾಗಿ ಅಳಬೇಕಾ?" ಎಂದು ಒಬ್ಬರು ಕೇಳಿದರಂತೆ.

"ಮರ್ಯಾದೆಯಾಗಿ ಅಳಿ."

ಮೌಲ್ವಿಸಾಹೇಬರು ಬಂದ ದಿನ, ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಸೀದಿಯಂಗಳದ ಚಪ್ಪರದಡಿ ಜನ ಸೇರಿದರು. ಹೆಂಗಸರಿಗೆ ಒಂದು ಬದಿಗೆ ಸೀರೆ ಕಟ್ಟಿ ಪರದೆ ಮಾಡಿದ್ದರು. ಎರಡು ಸೀರೆಗಳ ನಡುವಿನ ಸಂದಿಯಲ್ಲಿ ನಾನು ಕಣ್ಣಿಟ್ಟು ಕೂತೆ. ಕಾರವಾರದಲ್ಲಿ ಕೇಳಿ ಕೇಳಿ ನನಗೂ ಉರ್ದು ಅಷ್ಟಿಷ್ಟು ತಿಳಿಯುತ್ತಿತ್ತು. ಗಾಳಿ ಸತ್ತುಹೋಗಿತ್ತು, ಸೆಕೆಯೋ ಸೆಕೆ.

ಮೌಲ್ವಿಸಾಹೇಬರು ತಡವಾದದ್ದಕ್ಕೆ ಮೊದಲು ಕ್ಷಮೆ ಕೇಳಿದರು. ಬರುವ ದಾರಿಯಲ್ಲಿ ಮೋಟಾರಿನ ಟಯರು ಒಡೆದು, ಎರಡು ತಾಸು ಬಿಸಿಲಲ್ಲಿ ಕೂತು ತಲೆ ಸುತ್ತಿ ಬಿದ್ದರಂತೆ. ಅಷ್ಟರಲ್ಲಿ ಮುಂದೆ ಕೂತಿದ್ದ ನಮ್ಮವರ ಟೊಪ್ಪಿ ಬೆವರಿಗೆ ಜಾರಿತು. ಅವರು ಕೈಯೆತ್ತಿ ಅದನ್ನು ಸರಿಮಾಡಿಕೊಂಡರು.

"ಸುಭಾನಲ್ಲಾ!" ಎಂದಿತು ಇಡೀ ಚಪ್ಪರ.

ಮೌಲ್ವಿಸಾಹೇಬರು ಒಂದು ಕ್ಷಣ ತಡೆದು ಮುಂದುವರಿದರು. ಸ್ವರ್ಗದ ವರ್ಣನೆ ಶುರುವಾಯಿತು. ನೆರಳಿನ ತೋಟ, ತಣ್ಣನೆಯ ನೀರಿನ ಹೊಳೆ. ತಣ್ಣೀರಿನ ಮಾತು ಕೇಳಿಯೇ ಏನೋ, ನಮ್ಮವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಗಂಡಸರೆಲ್ಲ ಬಿಕ್ಕತೊಡಗಿದರು. ಗಂಡಸರು ಅಳುವುದು ಕೇಳಿ, ಯಾರಿಗೋ ಏನೋ ಆಯಿತೆಂದು ಪರದೆಯ ಈಚೆ ನಾಲ್ಕು ಮುದುಕಿಯರು ನಿಜವಾಗಿಯೇ ಎದೆ ಬಡಿದುಕೊಂಡರು.

ಮೌಲ್ವಿಸಾಹೇಬರು ಮಾತು ನಿಲ್ಲಿಸಿದರು. ಈ ಸಲ ಸಣ್ಣ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಕೇಳಿದರು: "ಅಣ್ಣಂದಿರೇ, ನಿಮಗೆ ಸ್ವರ್ಗ ಬೇಡವೇ?"

ನಮ್ಮವರು ಎದ್ದು ನಿಂತು, ತಲೆ ತಗ್ಗಿಸಿ, ಟೊಪ್ಪಿ ಕರವಸ್ತ್ರದ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟರು. ಇನ್ನು ಬೈಗುಳ ಖಂಡಿತ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಎಲ್ಲದಕ್ಕೂ ಮೂಲ ನನ್ನ ಬಾಯಿ ತಾನೇ! ಆದರೆ ಮೌಲ್ವಿಸಾಹೇಬರು ಗಡ್ಡ ಅಲುಗುವಂತೆ ನಕ್ಕರು. "ತಪ್ಪು ನಿಮ್ಮದಲ್ಲ, ನನ್ನದು. ನಾನು ಸಣ್ಣ ಸಣ್ಣ ಮಾತು ಹೇಳ್ತೇನೆ. ಇವರು ಅದನ್ನು ನಿಮ್ಮ ಭಾಷೆಯಲ್ಲಿ ಹೇಳಲಿ" ಎಂದರು.

ಆಮೇಲೆ ಅವರು ಹೇಳಿದ್ದು ನೆರೆಹೊರೆಯವರ ಬಗ್ಗೆ. ಮನೆಯಲ್ಲಿ ಸಾರು ಮಾಡುವಾಗ ಇನ್ನೊಂದಿಷ್ಟು ನೀರು ಹಾಕಿ, ಪಕ್ಕದ ಮನೆಗೂ ಕೊಡಬೇಕು ಎಂದರು. ನಮ್ಮವರು ಅದನ್ನು ಕೊಂಕಣಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಪಕ್ಕದಿಂದಲೇ ದನಿಯೊಂದು ಎದ್ದಿತು.

"ನೀರು ಹಾಕಿದರೆ ಮೀನುಸಾರು ಕೆಡ್ತದಲ್ಲ! ಕೆಟ್ಟ ಸಾರು ಕೊಟ್ಟರೆ ಪಾಪ ಯಾರಿಗೆ?"

ಅತ್ತೆ! ನಾನು ಅವರ ಸೆರಗು ಹಿಡಿದೆಳೆದೆ. ಅವರು ನನ್ನ ಕೈ ಕೊಡವಿದರು. ಅತ್ತ ನಮ್ಮವರು ತಮ್ಮ ತಾಯಿಯ ಪ್ರಶ್ನೆಯನ್ನು ನಾಚಿಕೊಂಡೇ ಉರ್ದುವಿಗೆ ತಿರುಗಿಸಿದರು.

ಮೌಲ್ವಿಸಾಹೇಬರು ಪರದೆಯ ಕಡೆ ತಿರುಗದೆ, ಗಂಭೀರವಾಗಿ ಕೇಳಿದರು: "ಅಮ್ಮಾ, ಕೆಡದ ಹಾಗೆ ಹೆಚ್ಚು ಮಾಡೂದು ಹ್ಯಾಗೆ?"

"ಇನ್ನೊಂದು ಕಡಿ ತೆಂಗಿನಕಾಯಿ ಅರೆದು ಹಾಕಬೇಕು."

"ಹಾಗಾದರೆ ಕಾಯಿ ಹಾಕಿ. ಪುಣ್ಯವೂ ದಪ್ಪಗಾಗ್ತದೆ."

"ಸುಭಾನಲ್ಲಾ!" ಚಪ್ಪರ ಹಾರಿಹೋಗುವಂತೆ ಕೂಗಿದರು ಜನ. ನಮ್ಮವರ ಕೈಗಳೆರಡೂ ಈ ಸಲ ಕೆಳಗೇ ಇದ್ದವು.

ಮರುದಿನ ಮಧ್ಯಾಹ್ನದೊಳಗೆ ನಮ್ಮ ಮನೆಗೆ ಐದು ಮನೆಗಳಿಂದ ಬಂಗಡೆ ಸಾರು ಬಂತು. ಅತ್ತೆಯೂ ದೊಡ್ಡ ಗಡಿಗೆ ತುಂಬ ಮಾಡಿಟ್ಟಿದ್ದರು. ಬೇಲಿಯಾಚೆಯ ಮೀನು ಮಾರುವ ಅಕ್ಕ, ನಾನು ಎರಡನೆಯ ಸಲ ಸಾರಿನ ಪಾತ್ರೆ ಚಾಚಿದಾಗ ಕೇಳಿದಳು: "ಇವತ್ತು ನಿಮ್ಮದು ಎಂತ ಹಬ್ಬವೇ? ಮೀನು ನಾನೇ ಕೊಟ್ಟದ್ದು, ಸಾರೂ ನನಗೇಯಾ?"

"ತಕೊ ಮಾರಾಯ್ತಿ, ನಮ್ಮತ್ತೆಗೆ ಪುಣ್ಯ ಬರ್ಲಿ" ಎಂದೆ.

ಅವಳು ಬೆರಳದ್ದಿ ರುಚಿ ನೋಡಿ, "ಕಾಯಿ ಸ್ವಲ್ಪ ಜಾಸ್ತಿಯಾಯ್ತು" ಎಂದಳು.