ಡಿಪೋ ಸಾಹೇಬರ ಮಲ್ಲಿಗೆ ಪರದೆ

ನಮ್ಮ ಬೀದಿಯ ಡಿಪೋ ಸಾಹೇಬರಿಗೆ ಅರವತ್ತು ದಾಟಿದರೂ ತಲೆಗೂದಲು ಕಾಡಿಗೆಯಷ್ಟು ಕಪ್ಪು. ಅದು ತಾನಾಗಿಯೇ ಕಪ್ಪು ಎಂದು ನಾವೆಲ್ಲ ನಂಬಿದ್ದೇವೆಂದು ಅವರು ನಂಬಿದ್ದರು. ಆ ನಂಬಿಕೆಯನ್ನು ನಾವ್ಯಾರೂ ಕೆಡಿಸಿರಲಿಲ್ಲ. "ಮನೆತನದ ಕೂದಲು ಕಣ್ರೀ. ನಮ್ಮಪ್ಪನಿಗೂ ಕೊನೇವರೆಗೂ ಹೀಗೇ ಇತ್ತು" ಎನ್ನುತ್ತಿದ್ದರು. ಅವರಪ್ಪನ ಫೋಟೋ ನಡುಮನೆಯಲ್ಲೇ ಇದೆ. ಫೋಟೋದಲ್ಲಿ ಅಪ್ಪನ ತಲೆ ನುಣ್ಣಗೆ ಬೋಳು.

ಬಸ್ ಡಿಪೋದ ಮ್ಯಾನೇಜರಾಗಿ ನಿವೃತ್ತರಾದವರು. ಬಚ್ಚಲಿನ ಬಿಳಿ ಟೈಲ್ಸಿಗೆ ಕಲೆಯಾಗುತ್ತದೆಂದು ಹೆಂಡತಿ ಬಣ್ಣದ ಬಟ್ಟಲನ್ನು ಮನೆಯಿಂದಲೇ ಗಡೀಪಾರು ಮಾಡಿದ್ದರಿಂದ, ಭಾನುವಾರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿಕೊಳ್ಳುತ್ತಿದ್ದರು. ಆ ಹೊತ್ತಿಗೇ ಪಕ್ಕದ ಮನೆಯ ಮಹಡಿಯಲ್ಲಿ ನರ್ಸಮ್ಮ ಬಟ್ಟೆ ಒಣಹಾಕಲು ಬರುತ್ತಿದ್ದರು. ಅವರಿಗೂ ನಿವೃತ್ತಿಯಾಗಿತ್ತು, ಮೂರು ವಾರ್ಡಿಗೆ ಕೇಳುವ ಅವರ ದನಿಗೆ ಆಗಿರಲಿಲ್ಲ.

"ಸಾಹೇಬ್ರೇ, ಹಿಂದ್ಗಡೆ ಎಡಕ್ಕೆ ಬಿಟ್ಟೋಗಿದೆ ನೋಡಿ!"

ಸಾಹೇಬರು ಕೇಳಿಸದವರಂತೆ ಕೂತಿದ್ದು, ಸ್ವಲ್ಪ ತಡೆದು, ಕಿವಿ ತುರಿಸಿಕೊಳ್ಳುವವರ ಹಾಗೆ ಬ್ರಷ್ಷನ್ನು ಎಡಕ್ಕೆ ಒಯ್ಯುತ್ತಿದ್ದರು.

ಒಂದು ದಿನ ಹಾಲಿನವನು ಗೇಟಿನಲ್ಲಿ ನಿಂತಿದ್ದಾಗಲೇ ಈ ಸಲಹೆ ಬಂತು. ಅವನು ಹಿತ್ತಲಿಗೆ ಇಣುಕಿ, ಕಿಸಕ್ಕನೆ ನಕ್ಕು ಹೋದ. ಪರದೆ ಬೇಕೇ ಬೇಕು ಎಂದು ಸಾಹೇಬರು ಅಂದೇ ತೀರ್ಮಾನಿಸಿದರು.

ಕಾಂಪೌಂಡಿನುದ್ದಕ್ಕೂ ಕಬ್ಬಿಣದ ಕಂಬ ನೆಡಿಸಿ, ತುದಿಯನ್ನು ಒಗೆಯುವ ಕಲ್ಲಿನ ಮೇಲಕ್ಕೆ ಬಾಗಿಸಿ, ತಂತಿ ಎಳೆಸಿದರು. ಕೆಳಗಿನ ಕಾವಲಿಗೆ ಎರಡು ಸೀಬೆ ಗಿಡ, ಮೇಲಿನದಕ್ಕೆ ಮಲ್ಲಿಗೆ ಬಳ್ಳಿ. ಸೀಬೆಯ ಎಳೆ ಕೊಂಬೆಗಳನ್ನು ಅಡ್ಡಕ್ಕೆ ಬಾಗಿಸಿ, ಹರಿದ ಬನಿಯನ್ನಿನ ಚೂರುಗಳಲ್ಲಿ ಸಡಿಲವಾಗಿ ಕಟ್ಟಿದಾಗ, ಅವು ಟ್ರಾಫಿಕ್ ಪೊಲೀಸರಂತೆ ಎರಡೂ ಕೈ ಚಾಚಿ ನಿಂತವು. ಮಲ್ಲಿಗೆ ಮಾತ್ರ ಬುಡವನ್ನು ಬೋಳುಬಿಟ್ಟು ಮೇಲಕ್ಕೇ ಓಡುತ್ತಿತ್ತು. ಸಾಹೇಬರು ಅದರ ಕುಡಿ ಚಿವುಟಿ ಗದರುತ್ತಿದ್ದರು: "ಎಲ್ಲಾರೂ ಎಕ್ಸ್‌ಪ್ರೆಸ್ಸೇ ಆದ್ರೆ ಲೋಕಲ್ ಓಡ್ಸೋರು ಯಾರು? ನಡಿ, ಅಡ್ಡಕ್ಕೆ ನಡಿ!"

"ಏನ್ ಸಾಹೇಬ್ರೇ, ಜೈಲು ಕಟ್ತಿದ್ದೀರಾ?" ಮೇಲಿಂದ ಪ್ರಶ್ನೆ.

"ಹೂವಿಗೆ ಕಣ್ರೀ, ಹೂವಿಗೆ."

"ಬಿಸಿಲಿರೋದು ನನ್ನ ಕಡೆ. ಹೂವೂ ನನ್ನ ಕಡೇನೇ ಬಿಡೋದು. ಥ್ಯಾಂಕ್ಸ್!"

ಎರಡನೇ ವರ್ಷಕ್ಕೆ ಕಲ್ಲಿನ ಮೇಲೆ ಹಸಿರು ಕೊಡೆ ಹಿಡಿದಂತಾಯಿತು. ಹೂವೆಲ್ಲ ನರ್ಸಮ್ಮನ ಕಡೆಗೇ ಬಿಟ್ಟರೂ ಸಾಹೇಬರಿಗೆ ಬೇಸರವಿಲ್ಲ. ಕೊಡೆಯ ಕೆಳಗೆ ರಾಜನಂತೆ ಕೂತು ಬಣ್ಣ ಹಚ್ಚಿಕೊಂಡರು. ಮೇಲಿಂದ ತುಟಿಪಿಟಕ್ ಇಲ್ಲ.

ಅದೇ ವಾರ ಡಿಪೋದಲ್ಲಿ ಹೊಸ ವಿಶ್ರಾಂತಿ ಕೊಠಡಿಯ ಉದ್ಘಾಟನೆ. ಸಾಹೇಬರೇ ಮುಖ್ಯ ಅತಿಥಿ. "ವಯಸ್ಸಾಗೋದು ಶಿಸ್ತು ಇಲ್ದೋರಿಗೆ. ನನ್ನನ್ನೇ ನೋಡಿ!" ಎಂದು ಭಾಷಣ ಬಿಗಿದು, ಹೆಸರಿನ ಫಲಕದ ಪರದೆ ಸರಿಸಲು ಸಭೆಗೆ ಬೆನ್ನು ತಿರುಗಿಸಿದರು. ಎಲ್ಲರೂ ನೋಡಿದರು. ಹಿಂದೆ ಎಡಕ್ಕೆ, ಅಂಗೈಯಗಲ, ಅಚ್ಚ ಬಿಳುಪು. ಹಿಂದಿನ ಸಾಲಿನಿಂದ ಶುರುವಾದ ನಗು ಮುಂದಿನ ಸಾಲಿಗೆ ಬಂದು ಕೆಮ್ಮಾಯಿತು. ಅವರ ಕೈಕೆಳಗೆ ದುಡಿದಿದ್ದ, ನಮ್ಮ ಬೀದಿಯವನೇ ಆದ ಹಳೇ ಡ್ರೈವರ್ ಹತ್ತಿರ ಹೋಗಿ ಕಿವಿಯಲ್ಲಿ ಉಸುರಿದ:

"ಸಾರ್, ರಿವರ್ಸ್ ಲೈಟ್ ಉರೀತಾನೇ ಇದೆ."

ಅದನ್ನು ಬೀದಿಗೆಲ್ಲ ಹಂಚಿದವನೂ ಅವನೇ.

ಸಾಹೇಬರು ಬಿರುಬಿಸಿಲಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ತಿರುಗಿದರು. "ನೀನಾದ್ರೂ ಹೇಳ್ಬಾರ್ದಿತ್ತೇನೇ?" ಎಂದು ಹೆಂಡತಿಯ ಮೇಲೆ ರೇಗಿದರು.

"ಸುಳ್ಳು ನಿಮ್ದು, ಕಾವಲು ನಂದಾ?" ಎಂದ ಆಕೆ ತಮ್ಮ ಬೆಳ್ಳಗಿನ ತುರುಬು ಬಿಗಿದುಕೊಂಡು ಒಳಗೆ ಹೋದರು.

ಭಾನುವಾರ ಬಂತು. ಸಾಹೇಬರು ಬಟ್ಟಲು ಹಿಡಿದು ಕಲ್ಲಿನ ಮೇಲೆ ಕೂತರು. ಒಮ್ಮೆ ಕೆಮ್ಮಿದರು. ಎಲೆಗಳ ಕಡೆ ನೋಡಿ ಇನ್ನೊಮ್ಮೆ ಕೆಮ್ಮಿದರು.

"ಇದ್ದೀರೇನ್ರೀ ಮೇಲೆ?"

"ಇದ್ದೀನಿ. ಕೆಮ್ಮು ಎಷ್ಟು ದಿನದಿಂದ?"

"ಕೆಮ್ಮಲ್ಲ ಕಣ್ರೀ... ಏನಾದ್ರೂ ಕಾಣ್ತಿದ್ಯಾ ಅಂತ."

"ಹೂವು ಕಾಣ್ತಿದೆ. ನೀವು ಬೆಳೆಸಿದ್ದಲ್ವಾ!"

ಕೆಳಗಿನಿಂದ ಸಾಹೇಬರ ಕತ್ತರಿಯ ಸದ್ದು ಕೇಳಿಸಿತು. ಕೊಡೆಯ ನಡುವೆ ಒಂದು ತಲೆ ಕಾಣುವಷ್ಟು ಅಗಲದ ತೂತು ಬಿತ್ತು. ಅಂಚಿನ ಬಳ್ಳಿಗಳನ್ನು ಸಾಹೇಬರು ಅದೇ ಬನಿಯನ್ ಚೂರಿನಲ್ಲಿ ಹಿಂದಕ್ಕೆ ಕಟ್ಟಿದರು. ನಾನು ಕೇಳಿದ್ದಕ್ಕೆ, "ಬಳ್ಳಿಗೆ ಗಾಳಿ ಆಡ್ಬೇಕಲ್ರೀ" ಎಂದರು.

ಮಲ್ಲಿಗೆಗೆ ಇದೆಲ್ಲ ತಿಳಿಯದು. ಮುಚ್ಚು ಎಂದು ಎರಡು ವರ್ಷ ಕಲಿಸಿದ ಪಾಠವನ್ನು ಅದು ಮರೆತಿಲ್ಲ. ವಾರವಿಡೀ ತೂತಿನೊಳಕ್ಕೆ ಕುಡಿ ಚಾಚುತ್ತದೆ. ಭಾನುವಾರ ಸಾಹೇಬರು ಮೊದಲು ಕುಡಿ ಚಿವುಟಿ, ಆಮೇಲೆ ಬಟ್ಟಲಿಗೆ ಕೈ ಹಾಕುತ್ತಾರೆ. ಮೇಲಿಂದ ಬರುವ ದನಿ ಬೀದಿಗೆಲ್ಲ ಕೇಳಿಸುತ್ತದೆ:

"ಎಡಕ್ಕೆ... ಇನ್ನೂ ಎಡಕ್ಕೆ... ಹೋಲ್ಡಾನ್! ಅಲ್ಲೇ ಒಂದು ಕೈ ಹಚ್ಚಿ. ಹಾಂ, ರೈಟ್ ರೈಟ್!"