ಮೂರು ಸ್ಕ್ರೂಗಳ ಪೆಟ್ಟಿಗೆ

ತೊಂಬತ್ತರ ದಶಕದಲ್ಲಿ ಬಿ.ಸಿ.ರೋಡಿನಲ್ಲಿ ಬೈಕ್ ರಿಪೇರಿಯ ಅಂಗಡಿ ಇಟ್ಟವನು ನಾನು. ಕಾರ್ಬೊರೇಟರ್ ಟ್ಯೂನಿಂಗಿನಲ್ಲಿ ನನಗೊಂದು ಹೆಸರಿತ್ತು. ಬೆಳ್ತಂಗಡಿಯಿಂದ, ಮೂಡಬಿದ್ರೆಯಿಂದ ಕೂಡ ಜನ ಹುಡುಕಿಕೊಂಡು ಬರುತ್ತಿದ್ದರು. ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಸ್ಕ್ರೂವನ್ನು ಕಾಲು ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುಗಿಸಿ, ಶಬ್ದ ಹದಕ್ಕೆ ಬಂದ ಕ್ಷಣ ಕೈ ತೆಗೆಯುತ್ತಿದ್ದೆ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ. ನಿಂತು ನೋಡುವವರಿಗಾಗಿ ಮುಚ್ಚುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಕಾರ್ಬೊರೇಟರೇ ಇಲ್ಲದ ಬೈಕುಗಳು ಬಂದವು. ಪೆಟ್ರೋಲನ್ನು ಅಳೆದು ಎಂಜಿನ್ನಿಗೆ ಬಿಡುವ ಕೆಲಸವನ್ನು ಒಂದು ಕಂಪ್ಯೂಟರ್ ಮಾಡುತ್ತಿತ್ತು. ಅಂಥ ಗಾಡಿ ಅಂಗಡಿಗೆ ಬಂದರೆ ನಾನು ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ಬಿಗಿ ಮಾಡಿ ಕಳಿಸುತ್ತಿದ್ದೆ.

ಆಗ ದುಬೈಯಲ್ಲಿ ಲಾರಿ ಓಡಿಸುತ್ತಿದ್ದ ನನ್ನ ತಮ್ಮ ಎರಡು ತಿಂಗಳ ರಜೆಯಲ್ಲಿ ಬಂದವನು ಅಂಥದೇ ಬೈಕು ತೆಗೆದುಕೊಂಡ. ಅಲ್ಲಿಂದ ತಂದಿದ್ದ ದೊಡ್ಡ ಶಬ್ದದ ಸೈಲೆನ್ಸರನ್ನೂ ಅದಕ್ಕೆ ಹಾಕಿಸಿದ. ಅಂದಿನಿಂದ ಗಾಡಿ ವೇಗ ಏರುವಾಗ ಮುಗ್ಗರಿಸತೊಡಗಿತು. ಹೊಗೆ ಸಲೀಸಾಗಿ ಹೊರಗೆ ಹೋಗುತ್ತಿದ್ದುದರಿಂದ ಕಂಪ್ಯೂಟರ್ ಬಿಡುವ ಪೆಟ್ರೋಲ್ ಸಾಲುತ್ತಿರಲಿಲ್ಲ. ಹಳೆಯ ಸೈಲೆನ್ಸರನ್ನೇ ಹಾಕು ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ.

ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ದುಬೈಯಲ್ಲಿ ಸಿಗುತ್ತಿದ್ದವು. ಊರಿಗೆ ಬರಲಿದ್ದ ಗೆಳೆಯನೊಬ್ಬ ತರಲು ಒಪ್ಪಿದ್ದ. ತಮ್ಮ ಬೆಳ್ತಂಗಡಿಯ ಸೈಬರ್ ಕೆಫೆಯಲ್ಲಿ ಎರಡು ಪೆಟ್ಟಿಗೆಗಳ ಚಿತ್ರ ಪ್ರಿಂಟ್ ಮಾಡಿಸಿ ಅಂಗಡಿಗೆ ಬಂದ.

“ಇದು ನಮ್ಮ ಗಾಡಿಯದ್ದೇ ಮಾಡೆಲಿಗೆ ಮಾಡಿದ್ದು ಅಣ್ಣ. ವಯರ್ ಕಡಿಯಲಿಕ್ಕಿಲ್ಲ, ಸಿಕ್ಕಿಸಿದರೆ ಆಯ್ತು. ಆದರೆ ಸೆಟ್ ಮಾಡಲಿಕ್ಕೆ ಲ್ಯಾಪ್‌ಟಾಪ್ ಬೇಕು. ಇನ್ನೊಂದು ಎಲ್ಲ ಗಾಡಿಗೂ ಆಗ್ತದೆ. ಮೂರು ಸ್ಕ್ರೂ ಉಂಟು, ಕೈಯಲ್ಲಿ ತಿರುಗಿಸುವುದು. ಯಾವುದು ತರಿಸುವ?”

“ಲ್ಯಾಪ್‌ಟಾಪ್ ಯಾರ ಹತ್ತಿರ ಉಂಟು?”

“ಉಜಿರೆಯಲ್ಲಿ ಒಬ್ಬ ಇದ್ದಾನಂತೆ. ಇದೇ ಕೆಲಸ ಮಾಡ್ತಾನಂತೆ.”

ನನ್ನ ಸ್ವಂತ ತಮ್ಮನ ಗಾಡಿಯನ್ನು ಉಜಿರೆಯ ಯಾರೋ ಟ್ಯೂನ್ ಮಾಡುವುದೆಂದರೇನು? ನಾನು ಎರಡನೆಯ ಚಿತ್ರದ ಮೇಲೆ ಬೆರಳಿಟ್ಟೆ. “ಇದೇ ಒಳ್ಳೆಯದು. ಲ್ಯಾಪ್‌ಟಾಪಿಗೆ ಎಂಜಿನ್ನಿನ ಶಬ್ದ ಕೇಳ್ತದಾ ಮಾರಾಯ?”

ಅವನು ನಕ್ಕ, ನನ್ನನ್ನು ನಂಬಿದ.

ಪೆಟ್ಟಿಗೆ ಬಂತು. ಜೊತೆಗೊಂದು ಇಂಗ್ಲಿಷ್ ಪುಸ್ತಕವೂ ಇತ್ತು. “ಓದಿ ಹೇಳ್ಬೇಕಾ ಅಣ್ಣ?” ಎಂದು ಕೇಳಿದ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳು ನಿಂತಿದ್ದರು. “ವಯರಿಂಗ್ ನನಗೆ ಹೊಸತಾ?” ಎಂದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವಯರನ್ನು ಕಡಿದು, ಪೆಟ್ಟಿಗೆಯ ವಯರಿಗೆ ಹೊಸೆದು, ಟೇಪ್ ಸುತ್ತಿದೆ. ಬೆಸುಗೆ ಹಾಕಬೇಕಿತ್ತು. ಬೆಸುಗೆಯ ಕಡ್ಡಿ ಒಳಗಿನ ಕೋಣೆಯಲ್ಲಿತ್ತು, ಅದು ಬಿಸಿಯಾಗುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಕಣ್ಣು ಮುಚ್ಚಿ ಮೂರು ಸ್ಕ್ರೂಗಳನ್ನು ತಿರುಗಿಸಿದೆ. ಮುಗ್ಗರಿಸುವುದು ನಿಂತಿತು. ನೋಡುತ್ತಿದ್ದವರು ತಲೆದೂಗಿದರು.

ಒಂದು ವಾರ ಕಳೆದಿರಬಹುದು. ಮಾಣಿ ಪೇಟೆ ದಾಟಿ ಹೋಗುತ್ತಿದ್ದ ತಮ್ಮ ಒಂದು ಲಾರಿಯನ್ನು ಹಿಂದಿಕ್ಕುತ್ತಿದ್ದಾಗ ನಡುರಸ್ತೆಯಲ್ಲಿ ಎಂಜಿನ್ ಆಫ್ ಆಯಿತು. ಎದುರಿನಿಂದ ಬಸ್ಸು. ತಪ್ಪಿಸಿಕೊಳ್ಳಲು ಎಡಕ್ಕೆ ಎಳೆದವನು ಲಾರಿಗೆ ಬಡಿದು ಬಿದ್ದ. ಜೀವ ಉಳಿಯಿತು. ಎಡ ಮೊಣಕಾಲು ಚೂರಾಯಿತು.

ಬೈಕನ್ನು ಟೆಂಪೋದಲ್ಲಿ ಅಂಗಡಿಗೆ ತಂದವನು ನಾನೇ. ಸೀಟು ಬಿಚ್ಚಿ ನೋಡಿದರೆ ಬಿಸಿಗೆ ಟೇಪ್ ಜಾರಿತ್ತು, ಹೊಸೆದ ವಯರ್ ಬಿಟ್ಟು ನೇತಾಡುತ್ತಿತ್ತು. ನಾನು ಷಟರ್ ಅರ್ಧ ಎಳೆದೆ. ಪೆಟ್ಟಿಗೆ ಕಿತ್ತೆ. ಕಡಿದಿದ್ದ ವಯರನ್ನು ಮೊದಲಿನಂತೆ ಜೋಡಿಸಿ, ಈ ಸಲ ಬೆಸುಗೆ ಹಾಕಿದೆ. ಬೆಸುಗೆ ಚೆನ್ನಾಗಿ ಕೂತಿತು. ಆ ಮಧ್ಯಾಹ್ನವೇ ಪಾಣೆಮಂಗಳೂರಿನ ಸೇತುವೆಗೆ ಹೋಗಿ ಪೆಟ್ಟಿಗೆಯನ್ನು ನೇತ್ರಾವತಿಗೆ ಎಸೆದೆ.

ಸಂಜೆ ಮಂಗಳೂರಿನ ಆಸ್ಪತ್ರೆಯಲ್ಲಿ ಅಮ್ಮ ಅವನ ಮಂಚದ ಪಕ್ಕ ಕೂತು ಅಳುತ್ತಾ ಬೈಯುತ್ತಿದ್ದಳು. “ಅಷ್ಟು ಸ್ಪೀಡ್ ಯಾಕೆ ಬೇಕಿತ್ತು ನಿನಗೆ? ದುಬೈಯ ರೋಡ್ ಅಂತ ತಿಳ್ಕೊಂಡಿದ್ಯಾ?”

“ಸ್ಪೀಡ್ ಅಲ್ಲಮ್ಮ. ಗಾಡಿ ಆಫ್ ಆಯ್ತು,” ಎಂದ. ನಂಬುವವರು ಯಾರೂ ಇರಲಿಲ್ಲ. ಅವನು ನನ್ನ ಕಡೆ ತಿರುಗಿದ. “ಅಣ್ಣ, ನೀನು ನೋಡಿದ್ಯಲ್ಲ. ಹೇಳು.”

“ನೋಡಿದೆ,” ಎಂದೆ. “ಗಾಡಿ ಸರಿ ಉಂಟು.”

ನನಗಾಗ ಅನಿಸಿದ್ದು ನಾಚಿಕೆಯೂ ಅಲ್ಲ, ದುಃಖವೂ ಅಲ್ಲ. ಬಚಾವಾದೆ ಅಂತ ಅನಿಸಿತು. ಅದನ್ನು ಇವತ್ತಿಗೂ ಕ್ಷಮಿಸಿಕೊಳ್ಳಲಾಗಿಲ್ಲ.

ಮೊಣಕಾಲು ಪೂರ್ತಿ ಮಡಚಲಿಲ್ಲ. ಲಾರಿಯ ಕ್ಲಚ್ ತುಳಿಯಲಾಗದವನಿಗೆ ದುಬೈಯಲ್ಲಿ ಕೆಲಸವಿರಲಿಲ್ಲ. ಅವನು ಬೆಳ್ತಂಗಡಿಯಲ್ಲಿ ಮೊಬೈಲ್ ರೀಚಾರ್ಜಿನ ಸಣ್ಣ ಅಂಗಡಿ ಹಾಕಿದ. ಬೈಕನ್ನು ಮೂಡಬಿದ್ರೆಯವರೊಬ್ಬರಿಗೆ ಮಾರಿದ.

ಕೊಂಡವರು ಅಲ್ಲಿನ ಮೆಕ್ಯಾನಿಕನಿಗೆ ತೋರಿಸಿದಾಗ ಅವನು ವಯರಿನಲ್ಲಿ ಏನೋ ಕಂಡು ತಮ್ಮನಿಗೆ ಹೇಳಿದ್ದನಂತೆ. ಕೆಲವು ದಿನಗಳ ನಂತರ ತಮ್ಮ ಊರುಗೋಲು ಹಿಡಿದು ಬಸ್ಸಿಳಿದು ನನ್ನ ಅಂಗಡಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

“ಅಣ್ಣ, ಆ ಪೆಟ್ಟಿಗೆ ಎಲ್ಲಿ?”

“ಬಿದ್ದಾಗ ಎಲ್ಲೋ ಹೋಗಿರಬೇಕು.”

“ಬಿದ್ದಾಗ ಹೋದದ್ದಾದರೆ ಮತ್ತೆ ವಯರಿಗೆ ಬೆಸುಗೆ ಹಾಕಿದ್ದು ಯಾರು?”

ನಾನು ಮುಂದಿದ್ದ ಬೈಕಿನ ಚೈನಿಗೆ ಬಗ್ಗಿದೆ. ಆಗಲೇ ಎಣ್ಣೆ ಹಾಕಿದ್ದ ಚೈನಿಗೆ ಮತ್ತೆ ಎಣ್ಣೆ ಹಾಕಿದೆ. ಆಗ ನಿಜ ಹೇಳಿದ್ದರೆ ಅವನು ಬಹುಶಃ ಬೈಯುತ್ತಿದ್ದ, ಹೊಡೆಯುತ್ತಿದ್ದ, ಆಮೇಲೆ ಸರಿಹೋಗುತ್ತಿತ್ತೇನೋ. ನಾನು ತಲೆ ಎತ್ತಿದಾಗ ಅವನು ರಸ್ತೆ ದಾಟಿ ಬಸ್ಸಿಗೆ ನಿಂತಿದ್ದ.

ಅಮ್ಮ ಸಾಯುವವರೆಗೂ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು, ದೊಡ್ಡವನು ಜಾಗ್ರತೆಯವನು, ಸಣ್ಣವನೇ ಸ್ಪೀಡಿನಲ್ಲಿ ಹೋಗಿ ಕಾಲು ಕಳಕೊಂಡ ಅಂತ. ಅವನು ಅಲ್ಲೇ ಕೂತಿರುತ್ತಿದ್ದ, ಒಂದು ಸಲವೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

ಮದುವೆ, ಮುಂಜಿಗಳಲ್ಲಿ ಸಿಕ್ಕರೆ “ಊಟ ಆಯ್ತಾ?” ಎನ್ನುತ್ತಾನೆ, ಅಷ್ಟೇ. ಗೇರಿಲ್ಲದ ಸ್ಕೂಟರೊಂದನ್ನು ಇಟ್ಟುಕೊಂಡಿದ್ದಾನೆ. ಅದರ ರಿಪೇರಿಗೆ ಮೂಡಬಿದ್ರೆಗೆ ಹೋಗುತ್ತಾನೆ, ಅದೇ ಮೆಕ್ಯಾನಿಕನ ಹತ್ತಿರ.